ಬಾಯಿ ಮರಿಯಮ್‌ಳ ಮದುವೆ ಮತ್ತು ನಮ್ಮ ಮನೆಯ ಕಾಗದಗಳು

1623ರ ನವೆಂಬರ್ ತಿಂಗಳಲ್ಲಿ ಇಟಲಿಯ ಪ್ರವಾಸಿಯೊಬ್ಬ ನಮ್ಮ ಘಟ್ಟ ಹತ್ತಿದ. ಹೆಸರು ಪಿಯೆತ್ರೊ ದೆಲ್ಲ ವಾಲೆ. ಗೋವೆಯ ಪೋರ್ಚುಗೀಸರು ಇಕ್ಕೇರಿಯ ವೆಂಕಟಪ್ಪ ನಾಯಕನ ಬಳಿಗೆ ಕಳುಹಿಸಿದ ರಾಯಭಾರಿಯ ಜೊತೆ ಹೊರಟಿದ್ದ ಈತ ಹೊನ್ನಾವರದಲ್ಲಿ ಇಳಿದು, ದೋಣಿಯಲ್ಲಿ ಗೇರುಸೊಪ್ಪೆಗೆ ಬಂದು, ಅಲ್ಲಿಂದ ಕಾಡುದಾರಿಯಲ್ಲಿ ಮೇಲೇರಿ ಇಕ್ಕೇರಿ ಸೇರಿದ. ಸಿದ್ದಾಪುರದವರಿಗೆ ಇದು ಪಕ್ಕದ ಮನೆಯ ಹಿತ್ತಲಿದ್ದಂತೆ. ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಬರೆದು, ರಾಗವಾಗಿ ಹೇಳಿಕೊಂಡು ಲೆಕ್ಕ ಕಲಿಯುತ್ತಿದ್ದುದನ್ನು ಅವನು ಬರೆದಿಟ್ಟಿದ್ದಾನೆ. ನಮ್ಮ ಇತಿಹಾಸಕಾರರು ಅವನನ್ನು ನೆನೆಯುವುದು ಹೆಚ್ಚಾಗಿ ಇಂತಹ ವಿವರಗಳಿಗಾಗಿ. ಇಲ್ಲಿ ನಮಗೆ ಬೇಕಾಗಿರುವುದು ಅವನ ಮನೆಯ ಕಥೆ.

1614ರಲ್ಲಿ ವೆನಿಸ್ ಬಿಟ್ಟ ದೆಲ್ಲ ವಾಲೆ ಎರಡು ವರ್ಷಗಳ ನಂತರ ಬಗ್ದಾದಿನಲ್ಲಿ ಸಿರಿಯನ್ ಕ್ರೈಸ್ತ ಮನೆತನದ ಮಾನಿ ಎಂಬ ಯುವತಿಯನ್ನು ಮದುವೆಯಾದ. ಇಬ್ಬರೂ ಇರಾನಿನಲ್ಲಿ ಷಾ ಅಬ್ಬಾಸನ ರಾಜ್ಯವನ್ನೆಲ್ಲ ಸುತ್ತಿದರು. ಊರಿಗೆ ಮರಳುವ ದಾರಿಯಲ್ಲಿ, 1621ರ ಕೊನೆಗೆ, ಹೊರ್ಮುಜ್ ಸಮೀಪದ ಮಿನಾಬಿನಲ್ಲಿ ಮಾನಿ ಜ್ವರದಿಂದ ತೀರಿಕೊಂಡಳು. ಹೆಂಡತಿಯನ್ನು ಅಲ್ಲಿಯ ಮಣ್ಣಿಗೆ ಒಪ್ಪಿಸಿ ಹೋಗಲು ಗಂಡನಿಗೆ ಮನಸ್ಸಾಗಲಿಲ್ಲ. ದೇಹಕ್ಕೆ ಮದ್ದು ಲೇಪಿಸಿ, ಪೆಟ್ಟಿಗೆಯಲ್ಲಿಟ್ಟು, ಹಡಗಿನವರ ಮತ್ತು ಸುಂಕದವರ ಕಣ್ಣಿಗೆ ಬೀಳದ ಹಾಗೆ ಸಾಮಾನುಗಳ ನಡುವೆ ಅಡಗಿಸಿ, ಭಾರತದ ಬಂದರುಗಳ ಮೂಲಕ ಹಾಯ್ದು 1626ರಲ್ಲಿ ರೋಮ್ ಮುಟ್ಟಿಸಿದ. ಮರುವರ್ಷ ತನ್ನ ವಂಶದವರ ಸಮಾಧಿಯಲ್ಲಿ ಅವಳನ್ನು ಮಲಗಿಸಿದ. ಅವರ ಜೊತೆಯಲ್ಲಿದ್ದ ಜಾರ್ಜಿಯಾ ದೇಶದ ಅನಾಥ ಹುಡುಗಿಯನ್ನು ಮುಂದೆ ಮದುವೆಯಾದ.

ಹನ್ನೆರಡು ವರ್ಷ ಪರದೇಶದಲ್ಲಿದ್ದು ಪರದೇಶದ ಹೆಂಡತಿಯನ್ನು ಊರಿಗೆ ಕರೆದೊಯ್ದ ಈ ಮನುಷ್ಯ ಬಚ್ಚಿಡಬೇಕಾಗಿ ಬಂದದ್ದು ಅವಳ ಶವವನ್ನು. ಅವಳು ಬದುಕಿದ್ದಾಗ ಆ ಪ್ರಮೇಯ ಇರಲಿಲ್ಲ. ಕಳ್ಳಕಾಕರ ಭಯವಿತ್ತು, ದೊರೆಗಳ ಮುನಿಸಿನ ಭಯವಿತ್ತು. ಆದರೆ ಇವಳು ನಿನ್ನ ಹೆಂಡತಿ ಹೌದೆಂಬುದಕ್ಕೆ ಏನು ದಾಖಲೆ ಎಂದು ಕೇಳುವ ವಲಸೆ ಇಲಾಖೆ ಆಗ ಯಾವ ದೊರೆಗೂ ಇರಲಿಲ್ಲ.

ಇಂದು ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ಈ ಪ್ರಶ್ನೆಗೆ ಉತ್ತರ ಹೊಂದಿಸಬೇಕಾದ ಮನೆಗಳು ಹಲವು ಸಿಗುತ್ತವೆ. ಅಡಿಕೆ ತೋಟದ ಮನೆಯ ಹುಡುಗ ಅಮೆರಿಕದಲ್ಲಿದ್ದಾನೆ, ಪೇಟೆಯ ಮುಸ್ಲಿಂ ಮನೆಯ ಹುಡುಗ ಗಲ್ಫಿನಲ್ಲಿದ್ದಾನೆ. ಒಬ್ಬನ ಮದುವೆ ಅಂಗಳದ ಚಪ್ಪರದಡಿಯಲ್ಲಿ ಆಗಿರುತ್ತದೆ, ಇನ್ನೊಬ್ಬನದು ಮೊಹಲ್ಲಾದ ಮಸೀದಿಯಲ್ಲಿ. ಎರಡಕ್ಕೂ ಊರೇ ಸಾಕ್ಷಿ. ಆದರೆ ಹೆಂಡತಿಯನ್ನು ಕರೆಸಿಕೊಳ್ಳಲು ಅರ್ಜಿ ಹಾಕಿದ ದಿನ ಊರಿನ ಸಾಕ್ಷಿಗೆ ಬೆಲೆ ಇಲ್ಲವೆಂದು ಗೊತ್ತಾಗುತ್ತದೆ. ಕರೆಯೋಲೆ, ಆಲ್ಬಮ್ಮು, ಉರ್ದುವಿನಲ್ಲಿರುವ ನಿಕಾಹ್‌ನಾಮೆಯ ತರ್ಜುಮೆ, ಅದರ ಮೇಲೊಂದು ಮೊಹರು, ಮೊಹರು ಸಾಚಾ ಎನ್ನುವುದಕ್ಕೆ ಇನ್ನೊಂದು ಮೊಹರು. ಅಜ್ಜಿಯರಿಗೆ ಇದು ತಮಾಷೆಯಾಗಿ ಕಾಣುತ್ತದೆ. ಅರ್ಜಿ ತಿರಸ್ಕೃತವಾಗಿ ವರ್ಷಗಟ್ಟಲೆ ಬೇರೆಬೇರೆಯಾಗಿ ಉಳಿದವರಿಗೆ ಮಾತ್ರ ಇದು ತಮಾಷೆಯಲ್ಲ.

ಯಲ್ಲಾಪುರದ ಹೆಸರು ಬಂದ ಮೇಲೆ ಒಂದು ಮಾತನ್ನು ಹೇಳಿ ಮುಂದೆ ಹೋಗುತ್ತೇವೆ. ಅಲ್ಲಿನ ಕಾಡಿನಂಚಿನ ಸಿದ್ದಿಗಳ ಪೂರ್ವಜರು ಆಫ್ರಿಕದಿಂದ ಬಂದವರು, ಅವರಲ್ಲಿ ಬಹಳಷ್ಟು ಮಂದಿ ಗುಲಾಮರಾಗಿ ಬಂದವರು. ಗುಲಾಮನಿಗೆ ಹೆಂಡತಿ ಎಂಬುದು ಒಡೆಯನ ಮರ್ಜಿಯ ಮಾತು. ಮಾರುವಾಗ ಗಂಡನೊಂದು ಕಡೆ, ಹೆಂಡತಿಯೊಂದು ಕಡೆ. ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದ ಮೇಲೆಯೇ ಅವರಿಗೆ ತಮ್ಮದೆನ್ನುವ ಸಂಸಾರ ಸಿಕ್ಕಿತು. ಇಂದು ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆಯಿತು. ಸಮುದ್ರ ದಾಟಿ ಬಂದವರ ದಾಂಪತ್ಯವನ್ನು ಲೆಕ್ಕಕ್ಕೆ ಹಿಡಿಯುವುದೋ ಬಿಡುವುದೋ ಎಂಬ ಅಧಿಕಾರ ಯಾರ ಕೈಯಲ್ಲಿರುತ್ತದೆ ಎಂಬುದು ನಮ್ಮ ಸೀಮೆಗೆ ಹೊಸ ಪ್ರಶ್ನೆಯಲ್ಲ ಎಂದು ನೆನಪಿಸಲು ಇಷ್ಟು ಹೇಳಿದೆವು.

ಈ ಅಧಿಕಾರ ಕಾಯಿದೆಯ ರೂಪ ತೊಟ್ಟು ಭಾರತೀಯರ ಮದುವೆಯ ಮೇಲೆ ಬಿದ್ದ ಅತ್ಯಂತ ಪ್ರಸಿದ್ಧ ಪ್ರಕರಣ ದಕ್ಷಿಣ ಆಫ್ರಿಕದ್ದು. ಅದು ಒಬ್ಬ ಮುಸ್ಲಿಂ ಕ್ಷೌರಿಕನ ಹೆಂಡತಿಯ ಪ್ರಕರಣವಾಗಿತ್ತು ಎಂಬುದು ಎಷ್ಟೋ ಜನರಿಗೆ ತಿಳಿದಿಲ್ಲ.

ಹಸನ್ ಇಸೋಪ್ ಪೋರ್ಟ್ ಎಲಿಜಬೆತ್ ಊರಿನಲ್ಲಿ ಕ್ಷೌರದ ಅಂಗಡಿ ಇಟ್ಟುಕೊಂಡು ಬದುಕುತ್ತಿದ್ದವನು. 1908ರಲ್ಲಿ ಭಾರತಕ್ಕೆ ಬಂದು ಬಾಯಿ ಮರಿಯಮ್‌ಳನ್ನು ನಿಕಾಹ್ ಮಾಡಿಕೊಂಡ. ಮರುವರ್ಷ ದುಡಿಮೆಗಾಗಿ ಒಬ್ಬನೇ ಮರಳಿದ. ನಮ್ಮ ಕಡೆಯ ಗಲ್ಫಿನ ಹುಡುಗರು ಮಾಡುವುದೂ ಇದನ್ನೇ. 1912ರಲ್ಲಿ ಅವಳನ್ನು ಕರೆತಂದಾಗ ಅಧಿಕಾರಿಗಳು ಹಡಗಿನಿಂದ ಇಳಿಯಲು ಬಿಡಲಿಲ್ಲ. ಅಲ್ಲಿ ವಾಸವಿದ್ದವನ ಹೆಂಡತಿಗೆ ಪ್ರವೇಶದ ಹಕ್ಕು ಕಾಯಿದೆಯಲ್ಲೇ ಇತ್ತು. ಹಾಗಾಗಿ ವಾದವೆಲ್ಲ ಒಂದೇ ಶಬ್ದದ ಮೇಲೆ ನಿಂತಿತು: ಇವಳು ಹೆಂಡತಿಯೇ?

1913ರ ಮಾರ್ಚ್ 14ರಂದು ಕೇಪ್ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಸರ್ಲ್ ಅಲ್ಲವೆಂದು ತೀರ್ಪು ಕೊಟ್ಟರು. ಬಹುಪತ್ನಿತ್ವಕ್ಕೆ ಅವಕಾಶವಿರುವ ಧರ್ಮದ ವಿಧಿಯಂತೆ ನಡೆದ ಮದುವೆಯನ್ನು ಆ ದೇಶದ ಕಾನೂನು ಮದುವೆಯೆಂದು ಎಣಿಸುವುದಿಲ್ಲ ಎಂಬುದು ತೀರ್ಪಿನ ತಿರುಳು. ಓದುಗರು ಒಂದು ಸಂಗತಿ ಗಮನಿಸಬೇಕು. ಹಸನ್ ಇಸೋಪನಿಗೆ ಇದ್ದದ್ದು ಒಬ್ಬಳೇ ಹೆಂಡತಿ. ಅವನು ಎರಡನೆಯವಳನ್ನು ಕರೆತಂದಿರಲಿಲ್ಲ. ಅವನ ಧರ್ಮ ಇನ್ನೊಬ್ಬಳಿಗೆ ಅವಕಾಶ ಕೊಡುತ್ತದೆ ಎಂಬ ಕಾರಣಕ್ಕೆ ಇದ್ದೊಬ್ಬಳು ಹೆಂಡತಿಯಲ್ಲದವಳಾದಳು. ಹಿಂದೂ ಮದುವೆಗೂ ಅಂದು ಇದೇ ಗತಿ, ಪಾರ್ಸಿಗಳ ಮದುವೆಗೂ ಭದ್ರತೆ ಉಳಿಯಲಿಲ್ಲ. ಒಂದೇ ಏಟಿಗೆ ದಕ್ಷಿಣ ಆಫ್ರಿಕದ ಬಹುಪಾಲು ಭಾರತೀಯ ಗೃಹಿಣಿಯರು ಕಾನೂನಿನ ಕಣ್ಣಿನಲ್ಲಿ ಇಟ್ಟುಕೊಂಡವರಾದರು, ಅವರ ಮಕ್ಕಳು ವಾರಸು ಕಳೆದುಕೊಂಡರು.

ಇತಿಹಾಸದಲ್ಲಿ ಇದಕ್ಕೆ ಸರ್ಲ್ ತೀರ್ಪು ಎಂದು ಹೆಸರು. ಕೊಟ್ಟವನ ಹೆಸರು ನಿಂತಿತು, ಹಡಗಿನಲ್ಲೇ ತಡೆಯಲ್ಪಟ್ಟವಳ ಹೆಸರು ಅಡಿಟಿಪ್ಪಣಿಗೆ ಹೋಯಿತು. ನಾವು ಇದನ್ನು ಬಾಯಿ ಮರಿಯಮ್ ಮೊಕದ್ದಮೆ ಎಂದೇ ಕರೆಯುತ್ತೇವೆ.

ಗಾಂಧೀಜಿ ಅಲ್ಲಿಯವರೆಗೆ ಹೆಂಗಸರನ್ನು ಜೈಲಿಗೆ ಕರೆದಿರಲಿಲ್ಲ. ಈ ತೀರ್ಪು ಆ ಹಿಂಜರಿಕೆಯನ್ನು ಮುರಿಯಿತು. 1913ರ ಸೆಪ್ಟೆಂಬರಿನಲ್ಲಿ ಫೀನಿಕ್ಸ್ ಆಶ್ರಮದಿಂದ ಹದಿನಾರು ಜನರ ತಂಡ ಪರವಾನಿಗೆಯಿಲ್ಲದೆ ಟ್ರಾನ್ಸ್‌ವಾಲ್ ಗಡಿ ದಾಟಲು ಹೊರಟಿತು. ಅದರಲ್ಲಿ ಕಸ್ತೂರಬಾ ಸೇರಿ ನಾಲ್ವರು ಹೆಂಗಸರು. ಎಲ್ಲರಿಗೂ ಮೂರು ತಿಂಗಳ ಕಠಿಣ ಸಜೆಯಾಯಿತು. ಟಾಲ್‌ಸ್ಟಾಯ್ ಫಾರ್ಮಿನ ತಮಿಳು ಹೆಂಗಸರು ನ್ಯೂಕ್ಯಾಸಲ್ ಗಣಿಗಳಿಗೆ ಹೋಗಿ ಕೂಲಿಗಳನ್ನು ಮುಷ್ಕರಕ್ಕೆ ಎಬ್ಬಿಸಿದರು. ಅಕ್ಟೋಬರಿನಲ್ಲಿ ಡರ್ಬನ್‌ನ ಫಾತಿಮಾ ಮೆಹ್ತಾಬ್ ತನ್ನ ತಾಯಿ ಹನೀಫಾಬಾಯಿ ಮತ್ತು ಏಳು ವರ್ಷದ ಮಗನ ಜೊತೆ ಗಡಿಗೆ ಹೋಗಿ ಬಂಧನಕ್ಕೊಳಗಾದಳು. ಆ ಸತ್ಯಾಗ್ರಹದಲ್ಲಿ ಜೈಲು ಸೇರಿದ ಮೊದಲ ಮುಸ್ಲಿಂ ಮಹಿಳೆ ಆಕೆ. ಗಾಂಧೀಜಿಯ ಆತ್ಮಕಥೆ ಓದಿದವರಿಗೆ ಬಾಲ್ಯದಲ್ಲಿ ಅವರಿಗೆ ಮಾಂಸ ತಿನ್ನಿಸಿದ ಗೆಳೆಯನ ನೆನಪಿರುತ್ತದೆ. ಆ ಶೇಖ್ ಮೆಹ್ತಾಬನ ಹೆಂಡತಿಯೇ ಈ ಫಾತಿಮಾ. ಕೆಟ್ಟ ಗೆಳೆಯನೆಂದು ಅವನನ್ನು ನೆನಪಿಟ್ಟುಕೊಂಡ ನಮ್ಮ ಪಠ್ಯಪುಸ್ತಕಗಳು ಅವನ ಹೆಂಡತಿಯನ್ನು ಮರೆತವು. ಜೈಲಿನಿಂದ ಜ್ವರ ಹೊತ್ತು ಬಂದ ಹದಿಹರೆಯದ ವಳ್ಳಿಯಮ್ಮ 1914ರ ಫೆಬ್ರವರಿಯಲ್ಲಿ ತೀರಿಕೊಂಡಳು.

1914ರ ಇಂಡಿಯನ್ ರಿಲೀಫ್ ಕಾಯಿದೆ ಒಬ್ಬ ಹೆಂಡತಿಯ ಮಟ್ಟಿಗೆ ಭಾರತೀಯ ಮದುವೆಗಳನ್ನು ಒಪ್ಪಿಕೊಂಡಿತು. ಅದೇ ಜುಲೈಯಲ್ಲಿ ಗಾಂಧೀಜಿ ಆ ದೇಶ ಬಿಟ್ಟರು. ಗೆಲುವಿನ ಕಥೆ ಸಾಮಾನ್ಯವಾಗಿ ಇಲ್ಲಿಗೆ ಮುಗಿಯುತ್ತದೆ. ನಿಜದಲ್ಲಿ ಮುಗಿಯಲಿಲ್ಲ. ಸರಕಾರಿ ನೋಂದಣಿಯಿಲ್ಲದೆ ಬರೀ ನಿಕಾಹ್ ಆದ ಮುಸ್ಲಿಂ ದಂಪತಿಗಳಿಗೆ ದಕ್ಷಿಣ ಆಫ್ರಿಕದ ವಿವಾಹ ಮತ್ತು ವಿಚ್ಛೇದನ ಕಾಯಿದೆಗಳ ರಕ್ಷಣೆ ಮುಂದೆಯೂ ಸಿಗಲಿಲ್ಲ. ವರ್ಣಭೇದ ಹೋಯಿತು, ಮಂಡೇಲಾ ಬಂದರು, ಆಗಲೂ ಸಿಗಲಿಲ್ಲ. ಇದು ಸಂವಿಧಾನಕ್ಕೆ ವಿರುದ್ಧವೆಂದು ಅಲ್ಲಿಯ ಸಾಂವಿಧಾನಿಕ ನ್ಯಾಯಾಲಯ ಹೇಳಿದ್ದು 2022ರ ಜೂನ್ 28ರಂದು, ಬಾಯಿ ಮರಿಯಮ್‌ಳನ್ನು ತಡೆದು 110 ವರ್ಷಗಳಾದ ಮೇಲೆ.

ಈ ಹೋರಾಟದ ಒಂದು ಎಳೆ ನಮ್ಮ ಸೀಮೆಗೂ ಬಂದು ಮುಟ್ಟಿದೆ. ಮದುವೆಯ ಮಾನಕ್ಕಾಗಿ ಆಫ್ರಿಕದಲ್ಲಿ ಶುರುವಾದ ಹೆಂಗಸರ ಸತ್ಯಾಗ್ರಹ ಮುಂದೆ ಭಾರತದ ಚಳವಳಿಯ ರೂಢಿಯಾಯಿತು. 1930ರ ದಶಕದ ಆರಂಭದಲ್ಲಿ ಸಿದ್ದಾಪುರ ಮತ್ತು ಅಂಕೋಲೆಗಳಲ್ಲಿ ಕರನಿರಾಕರಣೆ ನಡೆದಾಗ ಜಪ್ತಿಯಾದ ಜಮೀನು ಕೊಂಡವರ ಎದುರು ಉಪವಾಸ ಕೂತವರು ಸಿದ್ದಾಪುರ ತಾಲೂಕಿನ ಹೆಂಗಸರು. ಮಾವಿನಗುಂಡಿಯ ಹೆಸರು ಅದರಿಂದ ಉಳಿದಿದೆ. 1934ರ ಹರಿಜನ ಪ್ರವಾಸದಲ್ಲಿ ಗಾಂಧೀಜಿ ಶಿರಸಿ, ಸಿದ್ದಾಪುರಗಳಿಗೆ ಬಂದು ಹೋದರು. ಆ ಸಭೆಗಳ ನೆನಪನ್ನು ನಮ್ಮೂರುಗಳು ಜೋಪಾನವಾಗಿ ಇಟ್ಟುಕೊಂಡಿವೆ. ಅದರ ಬೇರಿನಲ್ಲಿ ಒಬ್ಬ ಮುಸ್ಲಿಂ ಹೆಣ್ಣಿನ ನಿಕಾಹ್ ಇದೆ ಎಂಬುದನ್ನೂ ಇಟ್ಟುಕೊಳ್ಳಬಹುದು.

ಅಮೆರಿಕದ್ದು ಇನ್ನೊಂದು ಬಗೆಯ ಕ್ರೌರ್ಯ. ಅಲ್ಲಿ ಪರದೇಶದ ಗಂಡನನ್ನು ಒಳಗೆ ಬಿಡದಿರುವುದರ ಜೊತೆಗೆ ಸ್ವದೇಶದ ಹೆಂಡತಿಯನ್ನು ಹೊರಗೆ ಹಾಕಿದರು. 1922ರ ಕೇಬಲ್ ಕಾಯಿದೆಯಂತೆ ಪೌರತ್ವಕ್ಕೆ ಅರ್ಹನಲ್ಲದ ವಿದೇಶಿಯನ್ನು ಮದುವೆಯಾದ ಅಮೆರಿಕನ್ ಹೆಣ್ಣು ತನ್ನ ಪೌರತ್ವ ಕಳೆದುಕೊಳ್ಳುತ್ತಿದ್ದಳು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಮೊಕದ್ದಮೆಯಲ್ಲಿ ಭಾರತೀಯರು ಬಿಳಿಯರಲ್ಲ, ಹಾಗಾಗಿ ಪೌರತ್ವಕ್ಕೆ ಅರ್ಹರಲ್ಲ ಎಂದು ಅಲ್ಲಿಯ ಸುಪ್ರೀಂ ಕೋರ್ಟ್ ಹೇಳಿತು. ಎರಡೂ ಕೂಡಿದಾಗ, ಕ್ರಾಂತಿಕಾರಿ ತಾರಕನಾಥ ದಾಸರನ್ನು ಮದುವೆಯಾದ ಮೇರಿ ಕೀಟಿಂಗ್ ಎಂಬ ಅಮೆರಿಕನ್ ಮಹಿಳೆ ಹುಟ್ಟಿದ ನೆಲದಲ್ಲೇ ದೇಶವಿಲ್ಲದವಳಾದಳು. 1930ರ ದಶಕದಲ್ಲಿ ಆ ನಿಯಮ ಹೋಯಿತು. 1965ರ ಹೊಸ ವಲಸೆ ಕಾನೂನು ಗಂಡ ಹೆಂಡತಿಯರನ್ನು ಒಂದುಗೂಡಿಸುವುದನ್ನೇ ತನ್ನ ಮುಖ್ಯ ತತ್ತ್ವಗಳಲ್ಲಿ ಒಂದನ್ನಾಗಿ ಮಾಡಿಕೊಂಡಿತು. ಕರ್ನಾಟಕದ ವೈದ್ಯರು, ಇಂಜಿನಿಯರುಗಳು ಸಂಸಾರ ಸಮೇತ ಅಲ್ಲಿ ನೆಲೆಯೂರಲು ಬಾಗಿಲು ತೆರೆದದ್ದು ಆ ಕಾನೂನು. ಮುಂದೆ 1996ರಲ್ಲಿ ಹಣದ ಷರತ್ತು ಬಂತು. ಸಂಗಾತಿಯನ್ನು ಕರೆಸುವವನು ಸಾಮಾನ್ಯವಾಗಿ ಬಡತನ ರೇಖೆಯ ಶೇ. 125ರಷ್ಟು ಆದಾಯ ತೋರಿಸಿ ಮುಚ್ಚಳಿಕೆ ಬರೆದುಕೊಡಬೇಕು. ಅಮೆರಿಕದ ಪೌರತ್ವ ಪಡೆದು ಹಲವು ವರ್ಷ ಹೊರದೇಶದಲ್ಲಿದ್ದವನು ತಾನು ನಿಜವಾಗಿ ಅಲ್ಲಿಗೆ ಮರಳಿ ನೆಲೆಸುವವನೇ ಎಂಬುದನ್ನೂ ತೋರಿಸಬೇಕು. ಊರಿಗೆ ಬಂದು ತಂದೆತಾಯಿಯನ್ನು ನೋಡಿಕೊಂಡು ಐದಾರು ವರ್ಷ ಇದ್ದು, ಇಲ್ಲಿಯೇ ಮದುವೆಯಾದವರಿಗೆ ಈ ಪ್ರಶ್ನೆ ಎದುರಾಗುತ್ತದೆ. ನೀನು ಎಲ್ಲಿಯವನು?

ಈಗ ನಮ್ಮ ದೇಶಕ್ಕೆ ಬರೋಣ. ಪರರ ಕಾನೂನನ್ನು ಬೈಯುವುದು ಸುಲಭ.

ವಿಭಜನೆಯ ಮರುವರ್ಷ, 1948ರ ಜುಲೈಯಲ್ಲಿ, ಪಶ್ಚಿಮ ಪಾಕಿಸ್ತಾನದಿಂದ ಬರುವವರಿಗೆ ಪರ್ಮಿಟ್ ಪದ್ಧತಿ ಜಾರಿಯಾಯಿತು. 1952ರ ಅಕ್ಟೋಬರಿನಲ್ಲಿ ಪಾಸ್‌ಪೋರ್ಟ್ ಬಂತು. ಈ ನಾಲ್ಕು ವರ್ಷಗಳಲ್ಲಿ ಎಷ್ಟೋ ಮುಸ್ಲಿಂ ಕುಟುಂಬಗಳಿಗೆ ತಾವು ಯಾವ ದೇಶದವರೆಂಬುದು ಗೊತ್ತಾದದ್ದು ತಮ್ಮ ಮನಸ್ಸನ್ನು ಕೇಳಿ ಅಲ್ಲ, ಕೈಯಲ್ಲಿದ್ದ ಪರ್ಮಿಟ್ಟಿನ ಬಣ್ಣ ನೋಡಿ. 1955ರಲ್ಲಿ ನಮ್ಮ ಸುಪ್ರೀಂ ಕೋರ್ಟಿನ ಮುಂದೆ ಬಂದ ಸಯೀದಾ ಖಾತೂನ್ ಪ್ರಕರಣ ಇದಕ್ಕೆ ಕನ್ನಡಿ. ಬಿಹಾರದ ಒಬ್ಬ ಜಮೀನ್ದಾರನ ಹೆಂಡತಿ ತಾನು ಎಂದು ಆಕೆ ಹೇಳಿಕೊಂಡಿದ್ದಳು. 1948ರ ಜುಲೈಯಲ್ಲಿ ಕರಾಚಿಗೆ ಹೋಗಿ, ತಾತ್ಕಾಲಿಕ ಪರ್ಮಿಟ್ಟಿನ ಮೇಲೆ ಬಂದು, ಮತ್ತೆ ಹೋಗಿ ಬಂದವಳು. ಗಂಡ ಭಾರತ ಬಿಟ್ಟು ಕದಲಿಲ್ಲ, ಹೆಂಡತಿಯ ನೆಲೆ ಗಂಡನ ನೆಲೆಯೇ ಅಲ್ಲವೇ ಎಂಬುದು ಆಕೆಯ ಪರವಾದ ವಾದ. ಸಂವಿಧಾನದ 7ನೇ ವಿಧಿಯನ್ನು ಮುಂದಿಟ್ಟು ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಹೆಣ್ಣು ಗಂಡನ ನೆರಳೆಂದು ಸಾವಿರ ಸಲ ಹೇಳುವ ಕಾನೂನು, ಆ ನೆರಳಿನಿಂದ ಅವಳಿಗೆ ಒಂದು ಲಾಭ ಸಿಗುವ ಹೊತ್ತಿನಲ್ಲಿ ಅವಳನ್ನು ಸ್ವತಂತ್ರ ವ್ಯಕ್ತಿಯೆಂದು ಗುರುತಿಸಿತು.

ಅದೇ ವರ್ಷ ಬಂದ ಪೌರತ್ವ ಕಾಯಿದೆ ಭಾರತೀಯನನ್ನು ಮದುವೆಯಾದ ವಿದೇಶಿ ಹೆಣ್ಣಿಗೆ ನೋಂದಣಿಯ ದಾರಿ ಇಟ್ಟಿತು. ಭಾರತೀಯಳನ್ನು ಮದುವೆಯಾದ ವಿದೇಶಿ ಗಂಡಿಗೆ ಇಡಲಿಲ್ಲ. ಹೆಣ್ಣು ಗಂಡನ ಮನೆಗೆ ಬರಬೇಕು, ಗಂಡು ಹೆಂಡತಿಯ ಮನೆಗೆ ಬರಬಾರದು ಎಂಬ ಊರಿನ ಗಾದೆಯೇ ಕಾಯಿದೆಯಾಗಿತ್ತು. 1986ರಲ್ಲಿ ಹೆಂಗಸರು ಎಂಬ ಶಬ್ದದ ಜಾಗಕ್ಕೆ ವ್ಯಕ್ತಿಗಳು ಎಂಬ ಶಬ್ದ ಬಂದಿತು, ಜೊತೆಗೆ ಐದು ವರ್ಷ ಇಲ್ಲಿ ವಾಸವಿರಬೇಕೆಂಬ ಷರತ್ತೂ ಬಂದಿತು. 2003ರ ತಿದ್ದುಪಡಿ ಅದನ್ನು ಏಳು ವರ್ಷ ಮಾಡಿತು. 2015ರ ತಿದ್ದುಪಡಿಯ ನಂತರ ಮದುವೆ ನೋಂದಣಿಯಾಗಿ ಎರಡು ವರ್ಷ ಕಳೆದ ವಿದೇಶಿ ಸಂಗಾತಿ ಸಾಗರೋತ್ತರ ಪೌರ ಕಾರ್ಡಿಗೆ ಅರ್ಜಿ ಹಾಕಬಹುದು. ಜರ್ಮನಿಯ ಸೊಸೆಗೆ, ಅಮೆರಿಕದ ಅಳಿಯನಿಗೆ ಇದರಿಂದ ನಿರಾಳವಾಯಿತು. ಪಾಕಿಸ್ತಾನ, ಬಾಂಗ್ಲಾದೇಶ ಮೂಲದವರಿಗೆ ಆ ಕಾರ್ಡು ಇಲ್ಲ.

ನಮ್ಮದೇ ಜಿಲ್ಲೆಯ ಘಟ್ಟದ ಕೆಳಗಿನ ಭಟ್ಕಳಕ್ಕೆ ಇದು ಪುಸ್ತಕದ ಮಾತಲ್ಲ. ನವಾಯತ ವ್ಯಾಪಾರಿಗಳ ಒಂದು ಕಾಲು ಮೊದಲಿನಿಂದಲೂ ಹೊರಗಿನ ಬಂದರುಗಳಲ್ಲಿ. ಕರಾಚಿಯೂ ಅಂತಹ ಒಂದು ಬಂದರು. ಗಡಿ ಬಿದ್ದಾಗ ಸೋದರರು ಎರಡು ದೇಶಗಳಲ್ಲಿ ಉಳಿದರು. ತಮ್ಮೊಳಗೇ ಹೆಣ್ಣು ಕೊಟ್ಟು ತರುವ ರೂಢಿಯಿದ್ದ ಸಣ್ಣ ಸಮುದಾಯವಾದ್ದರಿಂದ ಮದುವೆಗಳು ಗಡಿಯನ್ನು ದಾಟುತ್ತಲೇ ಇದ್ದವು. ಹಾಗೆ ಬಂದ ಸೊಸೆಯಂದಿರು ದೀರ್ಘಾವಧಿ ವೀಸಾದ ಮೇಲೆ ಇಲ್ಲಿ ಬದುಕುತ್ತಾರೆ, ಮಕ್ಕಳನ್ನು ಹೆತ್ತು ಬೆಳೆಸುತ್ತಾರೆ. ವೀಸಾವನ್ನು ಕಾಲಕಾಲಕ್ಕೆ ನವೀಕರಿಸುತ್ತಲೇ ಇರಬೇಕು. ಶಿರಸಿ, ಸಿದ್ದಾಪುರಗಳ ಮುಸ್ಲಿಂ ಮನೆಗಳಿಗೆ ಭಟ್ಕಳ, ಹೊನ್ನಾವರ, ಕುಮಟೆಗಳ ನಂಟು ಹಳೆಯದು. ಅಲ್ಲಿಯ ಸುದ್ದಿ ಮಧ್ಯಾಹ್ನದ ಬಸ್ಸಿಗೆ ಇಲ್ಲಿ ತಲುಪುತ್ತದೆ.

ಗಡಿಯಲ್ಲಿ ಹೆಣ್ಣನ್ನು ಪರೀಕ್ಷಿಸುವುದರ ಬಗ್ಗೆ ಎರಡು ಪ್ರಸಂಗಗಳನ್ನು ಒಟ್ಟಿಗೆ ಇಡಬೇಕೆನಿಸುತ್ತದೆ. ಮೊದಲನೆಯದು ಕ್ರಿ.ಶ. 628ರ ಹುದೈಬಿಯಾ ಒಪ್ಪಂದದ ಅನಂತರದ್ದು. ಮಕ್ಕಾದಿಂದ ಪೋಷಕರ ಒಪ್ಪಿಗೆಯಿಲ್ಲದೆ ಮದೀನಾಕ್ಕೆ ಬಂದವರನ್ನು ಮರಳಿಸಬೇಕೆಂಬುದು ಒಪ್ಪಂದದ ಷರತ್ತು. ಉಕ್‌ಬಾನ ಮಗಳು ಉಮ್ಮು ಕುಲ್ಸೂಮ್ ಮನೆಬಿಟ್ಟು ಬಂದಳು. ಅಣ್ಣಂದಿರು ಹಿಂದೆಯೇ ಬಂದು ಅವಳನ್ನು ಕೇಳಿದರು. ಆಗ ಅವತೀರ್ಣವಾದ ಅಲ್ ಮುಮ್ತಹನಃ ಅಧ್ಯಾಯದ ವಚನ, ವಲಸೆ ಬಂದ ವಿಶ್ವಾಸಿನಿಯರನ್ನು ಪರೀಕ್ಷಿಸಲು, ದಿಟವೆಂದು ಕಂಡರೆ ಮರಳಿಸದಿರಲು, ಅವರ ಹಿಂದಿನ ಗಂಡಂದಿರಿಗೆ ಕೊಟ್ಟ ಮಹ್ರ್ ಹಿಂದಿರುಗಿಸಲು ಆದೇಶಿಸಿತು. ಆ ಅಧ್ಯಾಯದ ಹೆಸರೇ ಪರೀಕ್ಷೆಗೆ ಸಂಬಂಧಿಸಿದ್ದು. ಪರೀಕ್ಷೆ ಹೇಗೆ ನಡೆಯುತ್ತಿತ್ತೆಂದು ವ್ಯಾಖ್ಯಾನಕಾರರು ಹೇಳುತ್ತಾರೆ. ಗಂಡನ ಮೇಲಿನ ಮುನಿಸಿನಿಂದಲೋ ಲೌಕಿಕ ಲಾಭಕ್ಕೋ ಬಂದದ್ದಲ್ಲ, ವಿಶ್ವಾಸಕ್ಕಾಗಿ ಬಂದದ್ದು ಎಂದು ಅವಳು ಆಣೆ ಮಾಡಿ ಹೇಳಬೇಕು. ಅಷ್ಟೇ. ಅವಳ ಮಾತೇ ದಾಖಲೆ.

ಎರಡನೆಯದು 1979ರ ಜನವರಿಯದು, ಸ್ಥಳ ಲಂಡನ್ನಿನ ಹೀಥ್ರೂ ವಿಮಾನ ನಿಲ್ದಾಣ. ಅಲ್ಲಿ ನೆಲೆಸಿದ್ದ ಭಾರತೀಯ ಮೂಲದವ ಒಬ್ಬನನ್ನು ಮದುವೆಯಾಗಲು ಹೋದ 35 ವರ್ಷದ ಭಾರತೀಯ ಶಿಕ್ಷಕಿ. ಭಾವೀ ವಧುವಿಗೆ ಮುಂಗಡ ವೀಸಾ ಬೇಕಿರಲಿಲ್ಲ, ಹೆಂಡತಿಯಾದವಳಿಗೆ ಬೇಕಿತ್ತು. ಇವಳು ಈಗಾಗಲೇ ಮದುವೆಯಾದವಳೇ ಎಂದು ತಿಳಿಯಲು ವಲಸೆ ಅಧಿಕಾರಿಗಳು ಅವಳನ್ನು ಕನ್ಯತ್ವ ಪರೀಕ್ಷೆಗೆ ಒಳಪಡಿಸಿದರು. ಪರೀಕ್ಷಿಸಿದ ವೈದ್ಯ ಗಂಡಸು. ಪತ್ರಿಕೆಯಲ್ಲಿ ಸುದ್ದಿ ಬಂದು ಭಾರತದಲ್ಲಿ, ಬ್ರಿಟನ್ನಿನಲ್ಲಿ ಗದ್ದಲವೆದ್ದ ಮೇಲೆ ಪರೀಕ್ಷೆ ನಿಂತಿತು. ಇದು ಒಂದೆರಡು ಸಲ ನಡೆದ ಪ್ರಮಾದವೆಂದು ಆಗ ಹೇಳಲಾಗಿತ್ತು. 2011ರಲ್ಲಿ ಹೊರಬಂದ ಸರಕಾರಿ ಕಡತಗಳಿಂದ 80ಕ್ಕೂ ಹೆಚ್ಚು ಮಹಿಳೆಯರು ಇದಕ್ಕೆ ಗುರಿಯಾಗಿದ್ದರೆಂದು, ಹೆಚ್ಚಿನವು ಭಾರತದಲ್ಲಿದ್ದ ಬ್ರಿಟಿಷ್ ಕಚೇರಿಗಳಲ್ಲೇ ನಡೆದವೆಂದು ತಿಳಿಯಿತು. ಹದಿಮೂರೂವರೆ ಶತಮಾನಗಳ ಅಂತರದ ಈ ಎರಡು ಪರೀಕ್ಷೆಗಳಲ್ಲಿ ಯಾವುದನ್ನು ನಾಗರಿಕ ಎನ್ನಬೇಕೆಂದು ಓದುಗರೇ ಹೇಳಲಿ. ಹೆಣ್ಣಿನ ಮಾತಿಗೆ ಇಂದು ನಮ್ಮ ಜಮಾಅತ್‌ಗಳಲ್ಲಿ ಸಿಗುವ ಬೆಲೆ ಎಷ್ಟೆಂದು ಕೇಳಿಕೊಂಡರೂ ಅದು ಅಪ್ರಸ್ತುತವಲ್ಲ.

ಬ್ರಿಟನ್ನಿನ ಕಥೆಯಲ್ಲಿ ಇನ್ನೊಂದು ತಿರುವಿದೆ. ಅಲ್ಲಿ ನೆಲೆಸಿದ ಗಂಡಸು ಹೆಂಡತಿಯನ್ನು ಕರೆಸಿಕೊಳ್ಳಬಹುದಿತ್ತು, ಹೆಂಗಸು ಗಂಡನನ್ನು ಕರೆಸಿಕೊಳ್ಳುವುದು ಕಷ್ಟವಿತ್ತು. ಮಲಾವಿಯಲ್ಲಿ ಹುಟ್ಟಿದ ಭಾರತೀಯ ಮೂಲದ ನರ್ಗಿಸ್ ಅಬ್ದುಲಝೀಝ್ ಮತ್ತು ಇನ್ನಿಬ್ಬರು ಮಹಿಳೆಯರು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ಹೋದರು. 1985ರ ಮೇ 28ರಂದು ಗೆದ್ದರು. ಇದು ಲಿಂಗ ತಾರತಮ್ಯ ಎಂದು ನ್ಯಾಯಾಲಯ ಹೇಳಿತು. ಸರಕಾರ ಸಮಾನತೆ ತಂದಿತು. ಹೇಗೆಂದರೆ ಹೆಂಗಸರಿಗಿದ್ದ ಕಷ್ಟವನ್ನು ಗಂಡಸರಿಗೂ ಹಬ್ಬಿಸಿ. 2012ರಿಂದ ಅಲ್ಲಿ ವಿದೇಶಿ ಸಂಗಾತಿಯನ್ನು ಕರೆಸಲು ವರ್ಷಕ್ಕೆ 18,600 ಪೌಂಡ್ ಆದಾಯ ಬೇಕೆಂದಾಯಿತು, 2024ರ ಏಪ್ರಿಲಿನಲ್ಲಿ ಅದು 29,000 ಪೌಂಡಿಗೆ ಏರಿತು. ವರ್ಷಗಟ್ಟಲೆ ಹೊರಗಿದ್ದು ಸಂಸಾರ ಸಮೇತ ಮರಳುವ ಬ್ರಿಟಿಷ್ ಪ್ರಜೆಯೂ ಸಾಮಾನ್ಯವಾಗಿ ಈ ಲೆಕ್ಕ ತೋರಿಸಬೇಕು. ಮೊದಲು ಕೇಳುತ್ತಿದ್ದದ್ದು ಯಾವ ಧರ್ಮದ ಮದುವೆ ಎಂದು, ಈಗ ಕೇಳುವುದು ಎಷ್ಟು ಸಂಬಳದ ಮದುವೆ ಎಂದು.

ಗಲ್ಫಿನ ದೇಶಗಳು ಈ ಎರಡನೆಯ ಪ್ರಶ್ನೆಯನ್ನು ಮೊದಲಿನಿಂದಲೂ ಮುಚ್ಚುಮರೆಯಿಲ್ಲದೆ ಕೇಳಿವೆ. ಕಫೀಲ್ ಎಂದರೆ ಫಿಕ್ಹ್‌ನಲ್ಲಿ ಇನ್ನೊಬ್ಬರ ಹೊಣೆ ಹೊರುವ ಜಾಮೀನುದಾರ. ಗೌರವದ ಶಬ್ದವದು. ಗಲ್ಫಿನಲ್ಲಿ ದುಡಿದು ಬಂದ ನಮ್ಮವರ ಬಾಯಲ್ಲಿ ಅದು ಬೇರೆ ದನಿಯಲ್ಲಿ ಬರುತ್ತದೆ. ಕುಟುಂಬವನ್ನು ಕರೆಸಲು ಯುಎಇಯಲ್ಲಿ 2019ರ ಬದಲಾವಣೆಯ ಪ್ರಕಾರ 4,000 ದಿರ್ಹಮ್, ಇಲ್ಲವೇ 3,000 ದಿರ್ಹಮ್ ಮತ್ತು ವಸತಿ ಇರಬೇಕು. ಸೌದಿ ಅರೇಬಿಯ 2017ರ ಜುಲೈಯಿಂದ ಅವಲಂಬಿತರ ತಲೆಗೆ ತಿಂಗಳಿಗೆ 100 ರಿಯಾಲ್ ಶುಲ್ಕ ಹಾಕಿ, ವರ್ಷಕ್ಕೆ ನೂರರಂತೆ ಏರಿಸಿ 400ಕ್ಕೆ ತಂದಿತು. ಆಗ ಹೆಂಡತಿ ಮಕ್ಕಳನ್ನು ಊರಿಗೆ ಕಳುಹಿಸಿ ಮತ್ತೆ ಒಂಟಿ ಕೋಣೆ ಹಿಡಿದವರ ಸಂಖ್ಯೆ ಸಣ್ಣದಲ್ಲ. ಕುವೈತ್ 2022ರಲ್ಲಿ ಕುಟುಂಬ ವೀಸಾ ನಿಲ್ಲಿಸಿ 2024ರ ಜನವರಿಯಲ್ಲಿ ತೆರೆದಾಗ ಕೇಳಿದ್ದು 800 ದಿನಾರ್ ಸಂಬಳ ಮತ್ತು ವಿಶ್ವವಿದ್ಯಾಲಯದ ಪದವಿ. ಟೈಲ್ಸ್ ಹಾಕುವವನ, ಲಾರಿ ಓಡಿಸುವವನ ದಾಂಪತ್ಯ ಎರಡು ವರ್ಷಕ್ಕೊಮ್ಮೆ ಸಿಗುವ ರಜೆಗೆ ಸೀಮಿತ. ಕುರ್‌ಆನ್ ದಂಪತಿಗಳನ್ನು ಪರಸ್ಪರರ ಉಡುಪಿಗೆ ಹೋಲಿಸಿದೆ ಎಂದು ವೇದಿಕೆಯಲ್ಲಿ ಹೇಳುವ ನಾವು, ಇಸ್ಲಾಮಿನ ಹೆಸರು ಹೇಳುವ ರಾಷ್ಟ್ರಗಳು ಆ ಉಡುಪಿಗೆ ದರಪಟ್ಟಿ ತೂಗುಹಾಕಿರುವ ಬಗ್ಗೆ ಮಾತಾಡುವುದು ಕಡಿಮೆ.

ಇಷ್ಟೆಲ್ಲದರ ನಡುವೆ ನಮ್ಮ ಕೈಯಲ್ಲಿರುವ ಕಾಗದದ ಸ್ಥಿತಿ ಏನು? ಕರ್ನಾಟಕದಲ್ಲಿ ಎಲ್ಲ ಧರ್ಮದವರ ಮದುವೆಗಳ ನೋಂದಣಿಗೆ 1976ರ ಕಾಯಿದೆಯಿದೆ. 2006ರ ಫೆಬ್ರವರಿಯಲ್ಲಿ ಸೀಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ನೋಂದಣಿಯನ್ನು ಎಲ್ಲ ಧರ್ಮದವರಿಗೂ ಕಡ್ಡಾಯ ಮಾಡಬೇಕೆಂದು ರಾಜ್ಯಗಳಿಗೆ ಹೇಳಿತು. ಆದರೂ ನಮ್ಮ ಮೂರು ತಾಲೂಕುಗಳಲ್ಲಿ ಮದುವೆಯ ಮರುವಾರ ಉಪನೋಂದಣಾಧಿಕಾರಿಯ ಕಚೇರಿಗೆ ಹೋಗುವ ರೂಢಿ ಗಟ್ಟಿಯಾಗಿಲ್ಲ. ವೀಸಾ ಬೇಕಾದಾಗಲೇ ಅದರ ನೆನಪು. ಆಗ ನಿಕಾಹ್ ದಫ್ತರಿನಲ್ಲಿ ಫಾತಿಮಾ, ಆಧಾರಿನಲ್ಲಿ ಫಾತಿಮಾಬಿ, ಪಾಸ್‌ಪೋರ್ಟಿನಲ್ಲಿ ಫಾತಿಮ ಬೇಗಂ. ಹವ್ಯಕರ ಮನೆಯಲ್ಲಿ ಹೆಗಡೆ, ಭಟ್ಟ, ಊರಿನ ಹೆಸರು, ಮದುವೆಯ ನಂತರ ಬದಲಾದ ಹೆಸರು. ಕಷ್ಟ ಒಂದೇ.

ಮುಸ್ಲಿಮರ ಮಟ್ಟಿಗೆ ಇನ್ನೊಂದು ತೊಡಕು ಸೇರಿಕೊಂಡಿತು. 2023ರ ಆಗಸ್ಟ್ 30ರಂದು ರಾಜ್ಯ ಸರಕಾರ ವಕ್ಫ್ ಮಂಡಳಿಯ ಜಿಲ್ಲಾ ಕಚೇರಿಗಳಿಗೆ ಮದುವೆ ಪ್ರಮಾಣಪತ್ರ ಕೊಡುವ ಅಧಿಕಾರ ನೀಡಿತು. ಜನರಿಗೆ ಅನುಕೂಲವಾಗಲೆಂಬ ಉದ್ದೇಶ ಇದ್ದೀತು. ಆದರೆ ವಕ್ಫ್ ಕಾಯಿದೆ ಆಸ್ತಿಯ ಆಡಳಿತಕ್ಕೆ ಇರುವುದು, ಮದುವೆಗಲ್ಲ ಎಂದು ಪ್ರಶ್ನಿಸಿ ಮುಸ್ಲಿಂ ಸಾಮಾಜಿಕ ಕಾರ್ಯಕರ್ತರೊಬ್ಬರೇ ಹೈಕೋರ್ಟಿಗೆ ಹೋದರು. 2024ರ ನವೆಂಬರಿನಲ್ಲಿ ನ್ಯಾಯಾಲಯ ಆದೇಶಕ್ಕೆ ತಡೆ ಕೊಟ್ಟಿತು. ನಮ್ಮ ಅಭಿಪ್ರಾಯದಲ್ಲಿ ತಡೆ ಸರಿಯಾಗಿಯೇ ಇದೆ. ಯಾವುದೋ ದೇಶದ ರಾಯಭಾರ ಕಚೇರಿಯ ಕಿಟಕಿಯಲ್ಲಿ ಕೂತ ಗುಮಾಸ್ತ ಒಪ್ಪಬಹುದಾದ ಕಾಗದ ಎಲ್ಲರಿಗೂ ಕೊಡುವ ಕಚೇರಿಯಿಂದಲೇ ಬರಬೇಕು. ಮುಸ್ಲಿಮರಿಗೊಂದು ಬೇರೆ ಕಿಟಕಿ ತೆರೆದರೆ ಬಾಯಿ ಮರಿಯಮ್‌ಳ ನಿಕಾಹನ್ನು ಬೇರೆ ತಕ್ಕಡಿಯಲ್ಲಿ ತೂಗಿದವರಿಗೇ ಅನುಕೂಲ. ನಿಕಾಹ್ ಓದಿಸುವ ಖಾಝಿಗಳು, ಜಮಾಅತ್ ಕಾರ್ಯದರ್ಶಿಗಳು ಅದೇ ದಿನ ನೋಂದಣಿ ಅರ್ಜಿಗೂ ಸಹಿ ಹಾಕಿಸಿಬಿಟ್ಟರೆ ಮುಕ್ಕಾಲು ಪಾಲು ತೊಂದರೆ ತಪ್ಪುತ್ತದೆ. ಹೆಸರಿನ ಅಕ್ಷರ ಎಲ್ಲ ಕಡೆ ಒಂದೇ ಇರಲಿ.

ಎಲ್ಲ ಕಾಗದ ಸರಿಯಿದ್ದವರ ಪಾಡು 2025ರ ಏಪ್ರಿಲಿನಲ್ಲಿ ಕಂಡಿತು. ಏಪ್ರಿಲ್ 22ರಂದು ಪಹಲ್ಗಾಮಿನಲ್ಲಿ ಭಯೋತ್ಪಾದಕರು 26 ಜನರನ್ನು ಕೊಂದರು. ಪಾಕಿಸ್ತಾನಿ ಪ್ರಜೆಗಳ ವೀಸಾಗಳನ್ನು ಏಪ್ರಿಲ್ 27ರಿಂದ ರದ್ದು ಮಾಡಲಾಯಿತು. ದೀರ್ಘಾವಧಿ ವೀಸಾದವರಿಗೆ ವಿನಾಯಿತಿ ಇತ್ತು. ಅಟಾರಿ ಗಡಿಯಲ್ಲಿ ಭಾರತದ ಪಾಸ್‌ಪೋರ್ಟ್ ಹಿಡಿದ ತಾಯಂದಿರು, ಪಾಕಿಸ್ತಾನದ ಪಾಸ್‌ಪೋರ್ಟ್ ಹಿಡಿದ ಅವರ ಮಕ್ಕಳು ಒಂದೇ ಸಾಲಿನಲ್ಲಿ ನಿಂತರು. ಮಕ್ಕಳು ದಾಟಬಹುದು, ತಾಯಿ ದಾಟುವಂತಿಲ್ಲ ಎಂದಾಯಿತು. ಭಟ್ಕಳದಲ್ಲಿ ವರ್ಷಗಳಿಂದ ಸಂಸಾರ ನಡೆಸುತ್ತಿರುವ ಸೊಸೆಯಂದಿರ ಕಡತಗಳನ್ನು ಪೊಲೀಸರು ಮತ್ತೆ ಪರಿಶೀಲಿಸಿದರು. ದೀರ್ಘಾವಧಿ ವೀಸಾ ಇದ್ದುದರಿಂದ ಅವರು ಉಳಿದರು. 2019ರ ಪೌರತ್ವ ತಿದ್ದುಪಡಿಯ ಸೌಲಭ್ಯ ಮುಸ್ಲಿಮರಾದ ಇವರಿಗಿಲ್ಲ. ಏಳು ವರ್ಷದ ವಾಸ ತೋರಿಸಿ, ಗಂಡನ ಮೂಲಕ ನೋಂದಣಿಗೆ ಕಾಯುವ ಹಳೆಯ ದಾರಿಯೇ ಅವರ ಪಾಲಿಗೆ. 2025ರ ಸೆಪ್ಟೆಂಬರ್ 1ರಿಂದ 1946ರ ವಿದೇಶಿಯರ ಕಾಯಿದೆಯ ಜಾಗಕ್ಕೆ ವಲಸೆ ಮತ್ತು ವಿದೇಶಿಯರ ಹೊಸ ಕಾಯಿದೆ ಬಂದಿದೆ. ಅವಧಿ ಮುಗಿಯುವ ಮುನ್ನ ಅವರು ಗಂಡನ ಗುರುತಿನ ಚೀಟಿ, ಮದುವೆಯ ದಾಖಲೆಗಳನ್ನು ಜೋಡಿಸಿಕೊಂಡು ಮತ್ತೆ ಅರ್ಜಿ ಹಾಕಬೇಕು.